ಶಾಲೆಯ ದಾರಿ ಹೇಳಿದವರು

ಕುಂದಾಪುರದ ಶಾಲೆ ಕೊಟ್ಟ ಟಿ.ಸಿ.ಯ ಮೇಲೆ ಹೆಡ್‌ಮಾಸ್ತರರ ಸಹಿಯೊಂದೇ ಸಾಲದು, ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುರುಜೂ ಬೇಕು, ಅದಿಲ್ಲದಿದ್ದರೆ ಬೇರೆ ರಾಜ್ಯದಲ್ಲಿ ಆ ಕಾಗದ ನಡೆಯುವುದಿಲ್ಲ ಎಂದು ನಮಗೆ ಮೊದಲು ಹೇಳಿದವನು ಚೆಂಬೂರಿನ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗ. ಅದು 1984ರ ಮೇ ತಿಂಗಳು. ಯಜಮಾನರಿಗೆ ಬ್ಯಾಂಕಿನಲ್ಲಿ ಮುಂಬಯಿಗೆ ವರ್ಗವಾಗಿತ್ತು. ಪಾತ್ರೆಪಗಡಿ ಇನ್ನೂ ಲಾರಿ ಆಫೀಸಿನಲ್ಲೇ ಉಳಿದಿದ್ದರಿಂದ ಎರಡು ಹೊತ್ತಿನ ಊಟವೂ ಆ ಹೋಟೆಲಿನಲ್ಲೇ ಆಗುತ್ತಿತ್ತು. ಮಗಳು ನಾಲ್ಕನೇ ತರಗತಿ ಮುಗಿಸಿದ್ದಳು, ಮಗನಿಗೆ ಮೂರು ವರ್ಷ. ನಾವು ಮಾತಾಡುವ ಧಾಟಿಯಿಂದಲೇ ಅವನಿಗೆ ನಮ್ಮ ಊರಿನ ಗುರುತು ಹತ್ತಿತು. ಅವನದು ಕೋಟೇಶ್ವರದ ಕಡೆ. ವಯಸ್ಸು ಹದಿನೇಳಿರಬಹುದು; ರಾತ್ರಿ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದ.

“ಅಕ್ಕಾ, ಹೆಣ್ಣಿಗೆ ಎಷ್ಟನೇ ಕ್ಲಾಸು?” ಎಂದು ಕೇಳಿದ. ಐದಕ್ಕೆ ಸೇರಿಸಬೇಕು ಎಂದೆ. “ಹಂಗಾರೆ ಈ ವರ್ಷವೇ ಹೈಸ್ಕೂಲಿಗೆ ಹಾಕಿ. ಇಲ್ಲಿ ಏಳು ಮುಗ್ದ್ ಮೇಲೆ ಹೋದ್ರೆ ಸೀಟ್ ಸಿಕ್ಕುದಿಲ್ಲ ಮಾರಾಯ್ರೆ” ಎಂದ.

ಐದನೇ ತರಗತಿಗೆ ಹೈಸ್ಕೂಲು ಎನ್ನುವುದು ನನಗೆ ಹೊಸದು. ನಮ್ಮಲ್ಲಿ ಒಂದರಿಂದ ಏಳರವರೆಗೆ ಒಂದೇ ಸೂರು. ಏಳರಲ್ಲಿ ಪಬ್ಲಿಕ್ ಪರೀಕ್ಷೆ, ಅದು ಪಾಸಾದರೆ ಎಂಟರಿಂದ ಹೈಸ್ಕೂಲು. ಮುಂಬಯಿಯಲ್ಲೂ ನಗರಪಾಲಿಕೆಯ ಪ್ರಾಥಮಿಕ ಶಾಲೆಗಳು ಏಳರವರೆಗೆ ಇದ್ದವು. ಆದರೆ ಸಂಘಸಂಸ್ಥೆಗಳು ನಡೆಸುವ ಹೈಸ್ಕೂಲುಗಳು ಐದರಿಂದ ಹತ್ತರವರೆಗೆ. ನಾಲ್ಕು ಮುಗಿಯುತ್ತಲೇ ತಿಳಿದವರ ಮಕ್ಕಳು ಅಲ್ಲಿಗೆ ದಾಟಿಬಿಡುತ್ತಿದ್ದರು. ತಿಳಿಯದವರ ಮಕ್ಕಳು ಇನ್ನೂ ಮೂರು ವರ್ಷ ಪಾಲಿಕೆ ಶಾಲೆಯಲ್ಲೇ ಉಳಿದು, ಎಂಟಕ್ಕೆ ಬರುವ ಹೊತ್ತಿಗೆ ಬೆಂಚುಗಳು ತುಂಬಿರುತ್ತಿದ್ದವು. ಇದನ್ನು ಯಾವ ಕಚೇರಿಯ ಗೋಡೆಯ ಮೇಲೂ ಬರೆದಿರಲಿಲ್ಲ. ಬ್ಯಾಂಕಿನಲ್ಲಿ ಯಜಮಾನರ ಜೊತೆಯವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರ ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡ ಶಾಲೆಗಳ ನಕ್ಷೆ ಇದ್ದದ್ದು ಹೋಟೆಲಿನ ಹುಡುಗರ ತಲೆಯಲ್ಲಿ. ಯಾವ ಶಾಲೆಯಲ್ಲಿ ಯಾವ ತರಗತಿಯವರೆಗೆ ಕನ್ನಡ ಉಂಟು, ಎಲ್ಲಿ ಬೆಳಗಿನ ಪಾಳಿ, ಎಲ್ಲಿ ಮಧ್ಯಾಹ್ನದ ಪಾಳಿ, ಯಾವ ಗುಮಾಸ್ತರು ನಮ್ಮ ಕಡೆಯವರು, ಎಲ್ಲವನ್ನೂ ಅವರು ಬಲ್ಲರು. ಹಗಲಿನ ಶಾಲೆಯ ಬೆಂಚಿನ ಮೇಲೆ ಕೂರುವ ಭಾಗ್ಯವಿಲ್ಲದವರೇ ಆ ಶಾಲೆಗಳ ವಿಚಾರವನ್ನು ಅಷ್ಟು ನಿಖರವಾಗಿ ಇಟ್ಟುಕೊಂಡಿದ್ದರು. ನಾಲ್ಕು ದಶಕ ಈ ನಗರದಲ್ಲಿ ಕಳೆದ ಮೇಲೂ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ ಇದು.

ಟಿ.ಸಿ.ಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಅಪ್ಪನಿಗೆ ಕಳಿಸಿದೆ. ಮೇಲುರುಜು ಬಿದ್ದು ಅದು ತಿರುಗಿ ಬರುವವರೆಗೆ ನಾವು ಶಾಲೆಗಳನ್ನು ಹುಡುಕಿದೆವು.

ಕನ್ನಡದಲ್ಲೇ ಓದಿಸುವುದೇ, ಇಂಗ್ಲಿಷಿಗೆ ಹಾಕುವುದೇ ಎಂಬ ಚರ್ಚೆ ನಮ್ಮ ಮನೆಯಲ್ಲಿ ರಾತ್ರಿಯೆಲ್ಲ ನಡೆಯಿತು. ಮಗಳು ನಾಲ್ಕು ವರ್ಷ ಕನ್ನಡದಲ್ಲಿ ಓದಿದವಳು. ಊರಿನ ಶಾಲೆಯಲ್ಲಿ ಇಂಗ್ಲಿಷ್ ಆರಂಭವಾಗುವುದೇ ಐದರಲ್ಲಿ, ಹಾಗಾಗಿ ಅವಳಿಗೆ ಎ ಬಿ ಸಿ ಡಿಗಿಂತ ಹೆಚ್ಚೇನೂ ಬರುತ್ತಿರಲಿಲ್ಲ. ಆಗ ಮಹಾರಾಷ್ಟ್ರದಲ್ಲೂ ಇಂಗ್ಲಿಷೇತರ ಮಾಧ್ಯಮದವರಿಗೆ ಇಂಗ್ಲಿಷ್ ಐದರಿಂದಲೇ. ಒಂದನೇ ತರಗತಿಯಿಂದ ಕಲಿಸುವ ಕ್ರಮ ಬಂದದ್ದು 2000ದಲ್ಲಿ. ಕನ್ನಡ ಶಾಲೆಯಾದರೆ ಇಂಗ್ಲಿಷಿನಲ್ಲಿ ಅವಳು ಯಾರಿಗೂ ಹಿಂದೆ ಬೀಳುತ್ತಿರಲಿಲ್ಲ. ಹಿಂದಿಯೂ ಐದರಿಂದ ಶುರು. ಊರಿನಲ್ಲಿದ್ದಿದ್ದರೆ ಅದಕ್ಕೆ ಆರರವರೆಗೆ ಕಾಯಬೇಕಿತ್ತು. ಅಂದರೆ ನಮಗೆ ತಿಳಿಯದೆಯೇ ಸರಿಯಾದ ವರ್ಷಕ್ಕೆ ಬಂದಿದ್ದೆವು. ಒಂದು ವರ್ಷ ತಡವಾಗಿ ಬಂದ ನನ್ನ ತಂಗಿಯ ಸಂಸಾರಕ್ಕೆ ಈ ಅನುಕೂಲ ದಕ್ಕಲಿಲ್ಲ. ಅವಳ ಮಗ ಆರಕ್ಕೆ ಸೇರಿ ಹಿಂದಿಯಲ್ಲೂ ಮರಾಠಿಯಲ್ಲೂ ಒಟ್ಟಿಗೆ ಓಡಬೇಕಾಯಿತು.

ಈ ನಗರದಲ್ಲಿ ಕನ್ನಡದಲ್ಲಿ ಓದಬಹುದು ಎನ್ನುವುದನ್ನು ಇಲ್ಲಿಯೇ ಹುಟ್ಟಿದವರು ಸಹಜ ಎಂದುಕೊಳ್ಳುತ್ತಾರೆ. ನನಗೆ ಅದು ಇಂದಿಗೂ ದೊಡ್ಡ ಸಂಗತಿ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ: ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ. ಪುಣೆಯ ಬಾಲಭಾರತಿ, ಅಂದರೆ 1967ರಲ್ಲಿ ಸ್ಥಾಪನೆಯಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ರಾಜ್ಯಗಳು ಭಾಷೆಯ ಮೇಲೆ ಮರುವಿಂಗಡಣೆಯಾದ 1956ರಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕು ಎನ್ನುತ್ತದೆ ಅದು. ಪ್ರಾಥಮಿಕದ ನಂತರದ ಭಾರ ಹೊತ್ತವರು ಇಲ್ಲಿನ ಕನ್ನಡಿಗರೇ. ವಡಾಲಾದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿ 1939ರದ್ದು. ಫೋರ್ಟಿನಲ್ಲಿ, ಚೆಂಬೂರಿನಲ್ಲಿ, ಆಚೆ ಡೊಂಬಿವಲಿಯಲ್ಲಿ ಚಂದಾ ಎತ್ತಿ, ನಾಟಕ ಆಡಿ, ಒಂದೊಂದು ಕೋಣೆಯಾಗಿ ಕಟ್ಟಿದ ಶಾಲೆಗಳು. ಅಂಥ ಒಂದು ಶಾಲೆಗೆ ನಮ್ಮ ಮಗಳು ಸೇರಿದಳು.

ಅರ್ಜಿಯ ಫಾರಮ್ಮಿನಲ್ಲಿ ಮೊದಲ ಸಾಲೇ ನಮ್ಮನ್ನು ತಡೆಯಿತು. ಊರಿನಲ್ಲಿ ಅವಳ ಹೆಸರಿನ ಹಿಂದೆ ಎರಡು ಇನಿಷಿಯಲ್ ಇದ್ದವು: ಒಂದು ಊರಿನದು, ಒಂದು ಅಪ್ಪನದು. ಇಲ್ಲಿ ಮೊದಲು ಆಡನಾವ್ (ಅಡ್ಡಹೆಸರು), ಆಮೇಲೆ ಮಗುವಿನ ಹೆಸರು, ಆಮೇಲೆ ತಂದೆಯ ಹೆಸರು, ಮೂರನ್ನೂ ಪೂರ್ತಿಯಾಗಿ ಬರೆಯಬೇಕು. ಇನಿಷಿಯಲ್‌ಗೆ ಜಾಗವೇ ಇಲ್ಲ. ನಮ್ಮ ಮನೆಯಲ್ಲಿ ಯಾರೂ ಆಡನಾವ್ ಎಂದು ಏನನ್ನೂ ಬರೆಯುತ್ತಿರಲಿಲ್ಲ. ಗುಮಾಸ್ತರು ಪೆನ್ನನ್ನು ಪಕ್ಕಕ್ಕಿಟ್ಟು ನಿಧಾನವಾಗಿ ವಿವರಿಸಿದರು: ಈಗ ಇಲ್ಲಿ ಬರೆದದ್ದು ಶಾಲೆಯ ಜನರಲ್ ರಿಜಿಸ್ಟರಿಗೆ ಹೋಗುತ್ತದೆ, ಅಲ್ಲಿಂದ ಎಸ್ಸೆಸ್ಸಿಯ ಸರ್ಟಿಫಿಕೇಟಿಗೆ, ಕೊನೆಗೆ ಎಲ್.ಸಿ.ಗೆ. ನಮ್ಮ ಟಿ.ಸಿ.ಯ ಜಾಗದಲ್ಲಿ ಇಲ್ಲಿ ಕೊಡುವುದು ಲೀವಿಂಗ್ ಸರ್ಟಿಫಿಕೇಟ್. ಹುಟ್ಟಿದ ದಿನ, ಹುಟ್ಟಿದ ಊರು, ಜಾತಿ, ಮಾತೃಭಾಷೆ ಎಲ್ಲವೂ ಅದರಲ್ಲಿ. ಪಾಸ್‌ಪೋರ್ಟಿನಿಂದ ನೌಕರಿಯವರೆಗೆ ಜೀವಮಾನವಿಡೀ ಅದನ್ನೇ ಕೇಳುತ್ತಾರೆ. “ಆಲೋಚಿಸಿ ಬರೆಯಿರಿ ಬಾಯಿ, ನಾಳೆ ತಂದರೂ ಆದೀತು” ಎಂದರು. ರಾತ್ರಿ ಯಜಮಾನರೂ ನಾನೂ ಕುಳಿತು ಊರಿನ ಮನೆತನದ ಹೆಸರನ್ನೇ ಆಡನಾವ್ ಮಾಡಿದೆವು. ಅದನ್ನು ನಮ್ಮ ವಂಶದಲ್ಲಿ ಮೊದಲು ಹೊತ್ತವಳು ಮಗಳು; ಮರುವರ್ಷ ಮಗ. ಅಪ್ಪನಿಗೆ ಇದನ್ನು ಬರೆದು ತಿಳಿಸಿದಾಗ ಅವರಿಗೆ ಸಂತೋಷವಾಗಿತ್ತು.

ಪುಸ್ತಕಗಳು ಬಂದ ಮೇಲೆ ಇನ್ನೊಂದು ಅಂತರ ಕಾಣಿಸಿತು. ಮಹಾರಾಷ್ಟ್ರದಲ್ಲಿ ನಾಲ್ಕನೇ ತರಗತಿಯ ಇತಿಹಾಸವೆಂದರೆ ಇಡೀ ವರ್ಷ ಶಿವಾಜಿ ಮಹಾರಾಜರ ಚರಿತ್ರೆ. ಕನ್ನಡ ಮಾಧ್ಯಮದ ಮಕ್ಕಳೂ ಅದನ್ನು ಕನ್ನಡದಲ್ಲಿ ಓದಿಯೇ ಐದಕ್ಕೆ ಬಂದಿರುತ್ತಾರೆ. ಅಫಜಲಖಾನನ ಭೇಟಿ, ಆಗ್ರಾದಿಂದ ತಪ್ಪಿಸಿಕೊಂಡದ್ದು, ಸಿಂಹಗಡದಲ್ಲಿ ತಾನಾಜಿ ಬಿದ್ದದ್ದು, ಎಲ್ಲವೂ ಅವರ ಬಾಯಲ್ಲಿ. ನಮ್ಮವಳು ಓದಿದ ನಾಲ್ಕರಲ್ಲಿ ಅದಾವುದೂ ಇರಲಿಲ್ಲ. ಪರೀಕ್ಷೆಗೆ ಅದು ಬೇಕಿರಲಿಲ್ಲ, ಆದರೆ ಗೆಳತಿಯರ ಮಾತಿಗೆ ಬೇಕಿತ್ತು. ಬಿಡುವಿನ ಹೊತ್ತಿನಲ್ಲಿ ಅವರು ಗಡಗಳ ಹೆಸರು ಹೇಳುವ ಆಟ ಆಡಿದರೆ ಇವಳು ಬದಿಯಲ್ಲಿ ನಿಲ್ಲುತ್ತಿದ್ದಳು. ತರಗತಿ ಟೀಚರು ಅದನ್ನು ಗಮನಿಸಿ, ಹಳೆಯ ವಿದ್ಯಾರ್ಥಿಯೊಬ್ಬರಿಂದ ನಾಲ್ಕರ ಪುಸ್ತಕ ತರಿಸಿ ಕೊಟ್ಟರು. ದಿನಾ ಮಧ್ಯಾಹ್ನ ನಾನೂ ಅವಳ ಜೊತೆ ಕುಳಿತು ಓದಿದೆ. ಶಾಲೆ ಬದಲಾದ ಮಗುವಿಗೆ ಸಿಲಬಸ್ಸಿನ ಕೊರತೆಯನ್ನು ಯಾರಾದರೂ ತುಂಬಿಕೊಡುತ್ತಾರೆ. ಜೊತೆಯವರಿಗೆಲ್ಲ ಗೊತ್ತಿರುವ ಕತೆ ತನಗೆ ಗೊತ್ತಿಲ್ಲ ಎಂಬ ಕೊರತೆಯನ್ನು ನೋಡುವ ಕಣ್ಣು ಬಹಳ ಕಡಿಮೆ ಮಂದಿಗೆ. ಆ ಟೀಚರನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಉಳಿದವು ಸಣ್ಣ ಸಣ್ಣ ವಿಚಾರಗಳು. ಒಂದೇ ಕಟ್ಟಡದಲ್ಲಿ ಎರಡು ಪಾಳಿ; ಬೆಳಿಗ್ಗೆ ಏಳಕ್ಕೆ ಒಂದು ತಂಡ, ಮಧ್ಯಾಹ್ನಕ್ಕೆ ಇನ್ನೊಂದು. ಜೂನ್ ಒಂದಕ್ಕೆ ತಯಾರಾಗಿ ಕೂತ ನಮಗೆ ಶಾಲೆ ತೆರೆಯುವುದು ಜೂನ್ ಮಧ್ಯಕ್ಕೆ ಎಂದು ತಿಳಿಯಿತು. ದಸರಾ ರಜೆಗೆ ಊರಿಗೆ ಬರುತ್ತೇವೆಂದು ಅಪ್ಪನಿಗೆ ಬರೆದಿದ್ದೆ. ಇಲ್ಲಿ ದೊಡ್ಡ ರಜೆ ದೀಪಾವಳಿಗೆ, ಗಣಪತಿಗೆ ಇನ್ನೊಂದಷ್ಟು ದಿನ. ನಾಲ್ಕು ಮತ್ತು ಏಳರಲ್ಲಿ ಸ್ಕಾಲರ್‌ಶಿಪ್ ಪರೀಕ್ಷೆ ಇರುತ್ತಿತ್ತು. ಮುಂದೆ ಅದನ್ನು ಐದು ಮತ್ತು ಎಂಟಕ್ಕೆ ಸರಿಸಿದರು. ಮಹಾರಾಷ್ಟ್ರ ಸರ್ಕಾರದ ಡ್ರಾಯಿಂಗ್ ಪರೀಕ್ಷೆಗಳಾದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬವನ್ನು ನಾನು ಕೇಳಿಯೇ ಇರಲಿಲ್ಲ. ಬಣ್ಣದ ಪೆಟ್ಟಿಗೆ ಹಿಡಿದು ಒಂದು ರಾಜ್ಯದ ಮಕ್ಕಳೆಲ್ಲ ಪರೀಕ್ಷೆಗೆ ಕೂರುವ ಆ ಪದ್ಧತಿ ನನಗೆ ತುಂಬಾ ಹಿಡಿಸಿತು. ಮಗಳು ಎರಡನ್ನೂ ಪಾಸು ಮಾಡಿದಳು.

ಈಗ ಆ ಹುಡುಗನ ವಿಚಾರಕ್ಕೆ ಬರುತ್ತೇನೆ.

ಅವನು ಊರಿನಲ್ಲಿ ಐದನೇ ತರಗತಿಗೆ ಬಿಟ್ಟು, ಮಾವನೊಬ್ಬನ ಜೊತೆ ಬಸ್ಸು ಹತ್ತಿ ಬಂದವನು. ಬೆಳಿಗ್ಗೆ ಐದಕ್ಕೆ ಎದ್ದು ಇಡ್ಲಿ ಹಿಟ್ಟಿನ ಪಾತ್ರೆ ಎತ್ತುವುದರಿಂದ ಅವನ ದಿನ ಶುರು. ಸಂಜೆ ಆರೂವರೆಗೆ ಹೋಟೆಲಿನಲ್ಲಿ ಗಿರಾಕಿ ತುಂಬುವ ಹೊತ್ತು. ರಾತ್ರಿ ಶಾಲೆಯ ಗಂಟೆಯೂ ಆಗಲೇ. ಹುಡುಗರನ್ನು ಆ ಹೊತ್ತಿಗೆ ಬಿಟ್ಟುಕೊಟ್ಟ ಹೋಟೆಲು ಮಾಲಿಕರು ಈ ನಗರದಲ್ಲಿ ಇದ್ದರು. ಬಿಟ್ಟುಕೊಡದವರೂ ಇದ್ದರು. ಅವನ ಮಾಲಿಕರು ಬಿಟ್ಟರು, ಏಕೆಂದರೆ ಅವರೂ ಅದೇ ದಾರಿಯಲ್ಲಿ ಬಂದವರು. ಹಗಲು ಮಕ್ಕಳು ಕೂತೆದ್ದ ಪಾಲಿಕೆ ಶಾಲೆಯ ಕೋಣೆಯಲ್ಲಿ, ಪುಟ್ಟ ಬೆಂಚುಗಳಲ್ಲಿ ಕಾಲು ಮಡಚಿ, ಹದಿನಾಲ್ಕರಿಂದ ಇಪ್ಪತ್ತೈದರವರೆಗಿನ ಹುಡುಗರು ಒಟ್ಟಿಗೆ ಕೂರುತ್ತಿದ್ದರು. ಪಾಠ ಹೇಳುವವರು ಹಗಲು ಶಾಲೆಯ ಮಾಸ್ತರರು, ಕೆಲವು ಕಡೆ ಆಫೀಸು ಮುಗಿಸಿ ಬಂದ ಕ್ಲಾರ್ಕುಗಳು. ನಮ್ಮ ಯಜಮಾನರೂ ಕೆಲವು ವರ್ಷ ವಾರಕ್ಕೆರಡು ಸಂಜೆ ಹೋಗಿ ಗಣಿತ ಹೇಳಿದರು. ನಿದ್ದೆಯೊಂದೇ ಅಲ್ಲಿ ದೊಡ್ಡ ಶತ್ರು ಎನ್ನುತ್ತಿದ್ದರು. ನಿದ್ದೆಗೆ ಬಿದ್ದವರನ್ನು ಅವರು ಎಬ್ಬಿಸುತ್ತಿರಲಿಲ್ಲ; ಕರಿಹಲಗೆಯ ಲೆಕ್ಕ ಅಳಿಸದೆ ಕೊನೆಯವರೆಗೆ ಬಿಟ್ಟು, ಎದ್ದ ಮೇಲೆ ಬರೆದುಕೊಳ್ಳಲಿ ಎಂದು ಕಾಯುತ್ತಿದ್ದರು.

ಈ ರಾತ್ರಿ ಶಾಲೆಗಳು ಹಳೆಯವು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿ ಕೆಲವೇ ವರ್ಷಗಳಲ್ಲಿ, 1908ರಲ್ಲಿ, ರಾತ್ರಿ ಶಾಲೆ ತೆರೆಯಿತು. ಬಿಲ್ಲವರ ಅಸೋಸಿಯೇಷನ್ನಿನವರು ನಾರಾಯಣ ಗುರುಗಳ ಹೆಸರಿನಲ್ಲಿ ನಡೆಸಿದ್ದು ಇನ್ನೊಂದು. ಸಮುದ್ರದ ಕೆಲಸಕ್ಕೆ, ಹೋಟೆಲಿಗೆ, ಗಿರಣಿಗೆ, ಕ್ಯಾಂಟೀನಿಗೆ ಬಂದ ತುಳುನಾಡಿನ ಹುಡುಗರು ಅಲ್ಲಿ ಅಕ್ಷರ ಕಲಿತು ಮೆಟ್ರಿಕ್ ಪಾಸಾದರು. ಅಲ್ಲಿಂದ ಮುಂದೆ ಓದಲು ಈ ನಗರದಲ್ಲಿ ಬೆಳಗಿನ ಕಾಲೇಜುಗಳಿದ್ದವು. ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ 1946ರಲ್ಲಿ ಸಿದ್ಧಾರ್ಥ ಕಾಲೇಜನ್ನು ಆರಂಭಿಸಿದಾಗ, ದುಡಿಯುವವರು ಕೆಲಸಕ್ಕೆ ಮುಂಚೆ ಓದಲೆಂದೇ ಬೆಳಗಿನ ತರಗತಿ ಇಟ್ಟರು. ಮುಂಬಯಿಯ ಶಿಕ್ಷಣದ ಕತೆಯನ್ನು ಹೇಳುವವರು ಹೆಸರಾಂತ ಹಗಲು ಶಾಲೆಗಳಿಂದ ತೊಡಗುತ್ತಾರೆ. ನನ್ನನ್ನು ಕೇಳಿದರೆ ಅದು ರಾತ್ರಿ ಶಾಲೆಯಿಂದ, ಬೆಳಗಿನ ಕಾಲೇಜಿನಿಂದ ತೊಡಗಬೇಕು.

ಆ ಹುಡುಗನಿಗೆ ಇಡೀ ವ್ಯವಸ್ಥೆಯ ಸಂದುಗೊಂದುಗಳೆಲ್ಲ ಗೊತ್ತಿದ್ದವು. ಶಾಲೆಗೇ ಹೋಗಲಾಗದವರು ಹದಿನೇಳು ನಂಬರಿನ ಫಾರ್ಮು ತುಂಬಿ ಖಾಸಗಿಯಾಗಿ ಎಸ್ಸೆಸ್ಸಿಗೆ ಕೂರಬಹುದು ಎನ್ನುವುದು ಅವನಿಂದ ತಿಳಿದದ್ದು. ಮಾರ್ಚ್‌ನಲ್ಲಿ ಉಳಿದ ವಿಷಯವನ್ನು ಅಕ್ಟೋಬರಿನಲ್ಲಿ ಬರೆಯಬಹುದು ಎನ್ನುವುದೂ ಅಷ್ಟೇ. ಅವನೇ ಗಣಿತವನ್ನು ಅಕ್ಟೋಬರಿನಲ್ಲಿ ಪಾಸು ಮಾಡಿದ. ಫಲಿತಾಂಶ ಬಂದ ಸಂಜೆ ಪೇಡೆಯ ಪೊಟ್ಟಣ ಹಿಡಿದು ಮನೆಗೆ ಬಂದು ಯಜಮಾನರ ಕಾಲು ಮುಟ್ಟಿದಾಗ ಅವರಿಗೆ ಮಾತೇ ಹೊರಡಲಿಲ್ಲ.

ಮಗನನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದೆವು. ಜೂನಿಯರ್ ಕೆ.ಜಿ.ಯ ಫಾರಮ್ಮಿಗೆ ಬೆಳಗಿನ ಜಾವ ಸಾಲು ನಿಂತದ್ದು, ತಾಯಿತಂದೆಗೂ ಸಂದರ್ಶನ, ಕೊನೆಗೆ ಕಟ್ಟಡ ನಿಧಿಗೆ ಎಂದು ರಸೀದಿ ಇಲ್ಲದೆ ಕೇಳಿದ ಹಣ, ಇವುಗಳನ್ನು ವಿಸ್ತರಿಸುವ ಮನಸ್ಸಿಲ್ಲ. ಕ್ಯಾಪಿಟೇಷನ್ ಶುಲ್ಕದ ವಿರುದ್ಧ ಮಹಾರಾಷ್ಟ್ರ 1987ರಲ್ಲಿ ಕಾನೂನು ಮಾಡಿತು ಎಂದಷ್ಟೇ ಹೇಳಿದರೆ ಅದಕ್ಕೆ ಮುಂಚಿನ ಸ್ಥಿತಿ ಓದುಗರಿಗೆ ತಿಳಿದೀತು. ಒಂದೇ ಮನೆಯಲ್ಲಿ ಅಕ್ಕ ಕನ್ನಡದಲ್ಲೂ ತಮ್ಮ ಇಂಗ್ಲಿಷಿನಲ್ಲೂ ಓದಿದರು. ಹಾಗೆ ಓದಿದ ಮನೆಗಳು ನಮ್ಮ ಚಾಳಿನಲ್ಲೇ ಹಲವಿದ್ದವು.

ಮಗಳು 1990ರ ಮಾರ್ಚ್‌ನಲ್ಲಿ ಎಸ್ಸೆಸ್ಸಿ ಬರೆದಳು. ಒಳ್ಳೆಯ ಅಂಕವೇ ಬಂತು. ಆದರೆ ಮುಂಬಯಿಯಲ್ಲಿ ಹತ್ತು ಮುಗಿದರೆ ಶಾಲೆ ಮುಗಿಯಿತು. ಹನ್ನೊಂದು ಎಂದರೆ ಜೂನಿಯರ್ ಕಾಲೇಜು, ಅದು ಇರುವುದು ಹೆಚ್ಚಾಗಿ ದೊಡ್ಡ ಡಿಗ್ರಿ ಕಾಲೇಜಿನ ಅಂಗಳದಲ್ಲೇ. ಆಗ ಆನ್‌ಲೈನ್ ಇಲ್ಲ, ಅದು ಬಂದದ್ದು 2009ರಲ್ಲಿ. ಒಂದೊಂದು ಕಾಲೇಜಿಗೂ ಪ್ರತ್ಯೇಕ ಅರ್ಜಿ ಕೊಟ್ಟು, ನೋಟಿಸ್ ಬೋರ್ಡಿನಲ್ಲಿ ಮೊದಲ ಪಟ್ಟಿ, ಎರಡನೇ ಪಟ್ಟಿ ಎಂದು ಕಾಯಬೇಕು. ಮಳೆಯಲ್ಲಿ ಮಾಟುಂಗಾದಿಂದ ಸಯನ್, ಸಯನ್‌ನಿಂದ ಚೆಂಬೂರು ಎಂದು ಅವಳೂ ನಾನೂ ಅಲೆದೆವು. ಎರಡನೇ ಪಟ್ಟಿಯಲ್ಲಿ ವಿಜ್ಞಾನಕ್ಕೆ ಸೀಟು ಸಿಕ್ಕಿತು.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಜಡತ್ವ, ವೇಗೋತ್ಕರ್ಷ, ದ್ಯುತಿಸಂಶ್ಲೇಷಣೆ ಎಂದು ಚೆನ್ನಾಗಿ ಕಲಿತವಳು, ಅದೇ ಸಂಗತಿಯನ್ನು ಬೇರೆ ಹೆಸರಿನಲ್ಲಿ ಕೇಳಿ, ತನಗೆ ಗೊತ್ತಿದೆಯೆಂದು ಗೊತ್ತಾಗದೆ ಕೂರುತ್ತಿದ್ದಳು. ನೆರೆಯ ಕೆಲವು ಮರಾಠಿ ಶಾಲೆಗಳಲ್ಲಿ ಎಂಟರಿಂದಲೇ ಗಣಿತ, ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸುವ ‘ಸೆಮಿ’ ಎಂಬ ಏರ್ಪಾಡಿತ್ತು. ನಮ್ಮ ಮಗಳ ಶಾಲೆಯಲ್ಲಿ ಅದಿರಲಿಲ್ಲ. ಮೊದಲ ಟರ್ಮಿನ ಅಂಕ ನೋಡಿ ಅವಳು ರಾತ್ರಿ ಅತ್ತಳು. ಮರುದಿನದಿಂದ ಒಂದು ನೋಟುಬುಕ್ಕು ಮಾಡಿ ಎಡಕ್ಕೆ ಬಾಲಭಾರತಿಯ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆಯತೊಡಗಿದಳು. ಹನ್ನೆರಡರ ಹೊತ್ತಿಗೆ ಸರಿದೂಗಿಸಿಕೊಂಡಳು. ಆ ನೋಟುಬುಕ್ಕು ಕೆಳಗಿನ ತರಗತಿಯ ಕನ್ನಡ ಮಕ್ಕಳ ಕೈಯಿಂದ ಕೈಗೆ ಹೋಯಿತು. ಕನ್ನಡದಲ್ಲಿ ಓದಿಸಿದ್ದು ಸರಿಯೇ ಎಂದು ನನ್ನನ್ನು ಆಗ ಕೇಳಿದವರಿಗೂ ಈಗ ಕೇಳುವವರಿಗೂ ನನ್ನ ಉತ್ತರ ಒಂದೇ. ಅವಳಿಗೆ ವಿಷಯ ಅರ್ಥವಾಗಿತ್ತು, ಆದ್ದರಿಂದಲೇ ಬಲಗಡೆಯ ಕಾಲಮ್ಮು ತುಂಬಿಸಲು ಸಾಧ್ಯವಾಯಿತು. ಕನ್ನಡ ಶಾಲೆಗಳು ಎಂಟರಿಂದಲೇ ಆ ಎರಡು ಕಾಲಮ್ಮುಗಳ ಅಭ್ಯಾಸ ಮಾಡಿಸಿದ್ದರೆ ಎಷ್ಟೋ ಮಕ್ಕಳು ಹನ್ನೊಂದರಲ್ಲಿ ವಿಜ್ಞಾನ ಬಿಡುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಕಾಲೇಜಿನ ಸೀಟಿಗಾಗಿ ನಾವು ಅಲೆದು ಹನ್ನೆರಡು ವರ್ಷ ಕಳೆದ ಮೇಲೆ, 2002ರ ಅಕ್ಟೋಬರಿನಲ್ಲಿ, ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ನಮ್ಮ ಕರಾವಳಿಯ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಷನ್ ಹೂಡಿದ್ದ ಮೊಕದ್ದಮೆ ಅದು. ಭಾಷಾ ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನೇ ಘಟಕವಾಗಿಟ್ಟು ನಿರ್ಧರಿಸಬೇಕು ಎಂದಿತು ಕೋರ್ಟು. ಮಹಾರಾಷ್ಟ್ರದಲ್ಲಿ ಕನ್ನಡಿಗರು ನಡೆಸುವ ಕಾಲೇಜುಗಳಿಗೆ ತಮ್ಮ ಸಮುದಾಯದ ಮಕ್ಕಳಿಗಾಗಿ ಸೀಟು ಕಾದಿಡಲು ಈ ನೆಲೆ ಬಲ ಕೊಟ್ಟಿತು. ಎಲ್.ಸಿ.ಯಲ್ಲಿ ಮಾತೃಭಾಷೆ ಎಂಬ ಸಾಲನ್ನು ಎಷ್ಟೋ ತಂದೆತಾಯಿ ಲಕ್ಷ್ಯವಿಲ್ಲದೆ ತುಂಬಿರುತ್ತಾರೆ. ಆ ಸಾಲಿಗೆ ಬೆಲೆ ಇದೆ ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ಈಗ ನಮ್ಮ ಕರಾವಳಿಯ ಸಂಸಾರಗಳು ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವುದು ಹೆಚ್ಚುಕಡಿಮೆ ನಿಂತಿದೆ. ಹುಡುಗರು ಎಳೆಯ ಪ್ರಾಯದಲ್ಲಿ ಹೋಟೆಲಿಗೆ ಬರುವುದು ತಪ್ಪಿದ್ದರಿಂದ ರಾತ್ರಿ ಶಾಲೆಗಳೂ ಬರಿದಾದವು. ಆ ಕಾರಣಕ್ಕೆ ಬರಿದಾದರೆ ಅದು ಸಂತೋಷದ ವಿಷಯವೇ. ಆದರೆ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ಇಂದು ಕೂತಿರುವವರು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. 2007ರಿಂದ ಪಾಲಿಕೆ ತನ್ನ ಮಕ್ಕಳಿಗೆ ಚೀಲ, ಸಮವಸ್ತ್ರ, ಬೂಟು, ರೇನ್‌ಕೋಟ್ ಸೇರಿ 27 ವಸ್ತುಗಳನ್ನು ಉಚಿತವಾಗಿ ಕೊಡುತ್ತಿದೆ. ಕೊಡುವುದು ಇದೆ ಎಂದು ಆ ತಾಯಂದಿರಿಗೆ ಅವರ ಮಾತಿನಲ್ಲಿ ಹೇಳುವವರು ಬೇಕು. ಅವರ ನಡುವೆ ನಮಗೆ ಸಿಕ್ಕಂಥ ಹೋಟೆಲ್ ಹುಡುಗ ಇಲ್ಲ. ಪ್ರತಿ ವಾರ್ಡಿನಲ್ಲೂ, ಹೊಸದಾಗಿ ಬಂದ ಸಂಸಾರದ ಭಾಷೆ ಬಲ್ಲ ಒಬ್ಬರನ್ನು ಜೂನ್ ತಿಂಗಳ ಮಟ್ಟಿಗಾದರೂ ಪಾಲಿಕೆ ಕೂರಿಸಬೇಕು. ಅದಾಗುವವರೆಗೆ ನಮ್ಮ ಮಹಿಳಾ ಮಂಡಳದ ನಾಲ್ಕಾರು ಮಂದಿ ಆ ಕೆಲಸ ಮಾಡುತ್ತಿದ್ದೇವೆ.

ನಾವು ಹೇಳುವುದು ಇಷ್ಟು. 2010ರ ಏಪ್ರಿಲ್ ಒಂದರಿಂದ ಶಿಕ್ಷಣ ಹಕ್ಕಿನ ಕಾನೂನು ಜಾರಿಯಲ್ಲಿದೆ. ಟಿ.ಸಿ. ಬರುವುದು ತಡವಾಯಿತೆಂದು ಸರ್ಕಾರಿ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ಹುಟ್ಟಿದ ದಿನದ ದಾಖಲೆ ಇಲ್ಲ ಎಂದು ಪ್ರವೇಶ ತಪ್ಪಿಸುವಂತಿಲ್ಲ. ನಡುವೆ ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿನ ತರಗತಿಗೇ ಸೇರಿಸಿಕೊಳ್ಳಬೇಕು. ಹೆಸರು ಬರೆಸುವಾಗ ಅವಸರ ಮಾಡಬೇಡಿ. 2020ರ ಕಾನೂನಿನಂತೆ ಮರಾಠಿ ಎಲ್ಲ ಶಾಲೆಗಳಲ್ಲೂ ಕಡ್ಡಾಯ, ಅದಕ್ಕೆ ಹೆದರಬೇಡಿ; ಮಕ್ಕಳು ಓಣಿಯಲ್ಲೇ ಅದನ್ನು ಕಲಿತುಬಿಡುತ್ತಾರೆ.

ಹೋದ ಜೂನಿನಲ್ಲಿ ಯಾದಗಿರಿ ಕಡೆಯ ಒಬ್ಬ ತಾಯಿ ಎಲ್ಲ ಕೇಳಿಸಿಕೊಂಡು, “ಯವ್ವಾ, ದೀಪಾವಳಿಗೆ ಕೆಲಸ ಮುಗೀತಂದ್ರ ಊರಿಗೆ ಹೋಗ್ತೀವಿ. ಇಲ್ಲಿ ಅರ್ಧ ವರ್ಷ ಓದಿದ್ದು ಅಲ್ಲಿ ನಡೀತೈತೇನು?” ಎಂದು ಕೇಳಿದಳು. ನಡೆಯುತ್ತದೆ, ಹೋಗುವ ಮುಂಚೆ ಶಾಲೆಯಿಂದ ಎಲ್.ಸಿ. ಕೇಳಿ ತಗೊಳ್ಳಬೇಕು, ಕೊಡುವುದು ಅವರ ಕರ್ತವ್ಯ ಎಂದೆ. ಅವಳು ಆ ಎರಡು ಅಕ್ಷರವನ್ನು ಮಗನ ಕೈಯಲ್ಲಿ ಪಾಟಿಯ ಮೇಲೆ ಬರೆಸಿಕೊಂಡಳು. ಆಮೇಲೆ ಸಾಲಿನಲ್ಲಿ ತನ್ನ ಹಿಂದೆ ನಿಂತಿದ್ದ ಇನ್ನೊಬ್ಬಳಿಗೆ, ನಾನು ಹೇಳಿದ್ದನ್ನೆಲ್ಲ ತನ್ನ ಮಾತಿನಲ್ಲಿ ಮೊದಲಿನಿಂದ ಹೇಳತೊಡಗಿದಳು.